ಪ್ರಿಂಟರ್ ಕೆಟ್ಟಿಲ್ಲ, ವಿಳಾಸ ತಪ್ಪಿದೆ

ಕರೆಂಟ್ ಹೋಗಿ ಬಂದ ಹತ್ತು ನಿಮಿಷಕ್ಕೆ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಯಾವುದಾದರೂ ಒಂದು ಕಡೆ ಅಂಗಡಿಯಾಕೆ ಪ್ರಿಂಟ್ ಬಟನ್ ಒತ್ತುತ್ತಲೇ ಇರುತ್ತಾರೆ. ಪಕ್ಕದಲ್ಲೇ ಪ್ರಿಂಟರ್ ಹಸಿರು ದೀಪ ಹಚ್ಚಿಕೊಂಡು ತಯಾರಾಗಿ ಕೂತಿರುತ್ತದೆ. ಕೌಂಟರಿನ ಈಚೆ ಪಹಣಿಗೆಂದು ಬಂದ ಹಿರಿಯರೊಬ್ಬರು.

“ಏನವ್ವಾ, ಬರ್ತದೋ ಇಲ್ವೋ? ಒಂದೂವರೆಗೆ ನಮ್ಮೂರ ಬಸ್ಸೈತೆ.”

“ಐದ್ ನಿಮಿಷ ಕೂತ್ಕಳಿ ತಾತ, ಆಫ್‌ಲೈನ್ ಅಂತ ತೋರಿಸ್ತೈತೆ.”

ಆ ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ಪ್ರಿಂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಾರೆ, ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ಅದಕ್ಕೂ ಜಗ್ಗದಿದ್ದರೆ ಸರ್ವೀಸಿನವರಿಗೆ ಫೋನ್ ಹೋಗುತ್ತದೆ. ಅವರು ಬರುವುದು ಸಂಜೆಗೋ ನಾಳೆಗೋ. ಅಷ್ಟರಲ್ಲಿ ತಾತನ ಬಸ್ಸು ಹೋಗಿರುತ್ತದೆ. ಒಂದು ಹಾಳೆಗಾಗಿ ಇನ್ನೊಂದು ದಿನದ ಕೆಲಸ ಬಿಟ್ಟು ಬರಬೇಕು. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತು ಎರಡು ದಶಕ ಕಳೆದಿವೆ. ಪಹಣಿ, ಮ್ಯುಟೇಶನ್, ಇ-ಖಾತೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಕ್ಕಳ ಹಾಲ್‌ಟಿಕೆಟ್ ಎಲ್ಲವೂ ಈಗ ಪರದೆಯ ಮೇಲೆ ಬರುತ್ತವೆ ನಿಜ. ಆದರೆ ಕಚೇರಿಯ ಕಿಟಕಿಯೊಳಗೆ ಕೊಡಬೇಕಾದದ್ದು ಇವತ್ತಿಗೂ ಕಾಗದವನ್ನೇ. ಹೊಸಕೋಟೆಯ ಪತ್ರ ಬರಹಗಾರರಿಗೂ, ನೆಲಮಂಗಲದ ಸೈಬರ್ ಸೆಂಟರಿನವರಿಗೂ, ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಅರ್ಜಿ ಹಿಡಿದು ಹೊರಟವರಿಗೂ ಪ್ರಿಂಟರ್ ನಿಂತರೆ ಕೆಲಸವೇ ನಿಂತಂತೆ. ಹಾಗಾಗಿ ಈ ವಾರದ ಅಂಕಣ ಪೂರ್ತಿ ಈ ಒಂದೇ ತೊಂದರೆಯ ಬಗ್ಗೆ: ಲ್ಯಾನ್ ಕೇಬಲ್‌ನಲ್ಲಿ ವೈಫೈ ರೂಟರಿಗೆ ಜೋಡಿಸಿದ ಪ್ರಿಂಟರ್ ನಿನ್ನೆ ಚೆನ್ನಾಗಿತ್ತು, ಇವತ್ತು ಕಂಪ್ಯೂಟರಿಗೆ ಸಿಗುತ್ತಿಲ್ಲ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಪ್ರಿಂಟರೂ ಕೆಟ್ಟಿರುವುದಿಲ್ಲ, ಡ್ರೈವರೂ ಕೆಟ್ಟಿರುವುದಿಲ್ಲ. ಪ್ರಿಂಟರ್ ಇರುವ ವಿಳಾಸ ಒಂದು, ಕಂಪ್ಯೂಟರ್ ಹುಡುಕುತ್ತಿರುವ ವಿಳಾಸ ಇನ್ನೊಂದು ಆಗಿರುತ್ತದೆ. ಡ್ರೈವರ್ ಕಿತ್ತು ಹಾಕಿದಾಗ ಕೆಲವೊಮ್ಮೆ ಸರಿಹೋಗುವುದು ಕೂಡ ಅದರಿಂದಲೇ. ಮತ್ತೆ ಹಾಕುವಾಗ ಕಂಪ್ಯೂಟರ್ ಹೊಸದಾಗಿ ಹುಡುಕಿ ಹೊಸ ವಿಳಾಸ ಹಿಡಿದುಕೊಳ್ಳುತ್ತದೆ. ರೋಗ ವಾಸಿಯಾಗಿರುವುದಿಲ್ಲ. ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಅದೇ ಕಥೆ.

ಪರದೆಯ ಮೇಲೆ ಮೂಡುವ ‘ಆಫ್‌ಲೈನ್’ ಎಂಬ ಮಾತು ಪ್ರಿಂಟರ್ ತನ್ನ ಬಗ್ಗೆ ತಾನು ಹೇಳಿಕೊಂಡದ್ದಲ್ಲ. ಅದು ಕಂಪ್ಯೂಟರಿನ ಮಾತು. “ನನ್ನ ಬಳಿ ಬರೆದಿಟ್ಟುಕೊಂಡ ವಿಳಾಸಕ್ಕೆ ಹೋಗಿ ಕರೆದೆ, ಯಾರೂ ಓಗೊಡಲಿಲ್ಲ” ಎಂಬುದಷ್ಟೇ ಅದರ ಅರ್ಥ. ಅಲ್ಲಿ ಪ್ರಿಂಟರ್ ಇಲ್ಲದಿರಬಹುದು, ದಾರಿ ಕಡಿದಿರಬಹುದು, ಅಥವಾ ಕಂಪ್ಯೂಟರೇ ಬೇರೆ ಬೀದಿಯಲ್ಲಿ ನಿಂತು ಕೂಗುತ್ತಿರಬಹುದು. ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ವಿಳಾಸ ಹಂಚುವವನು ರೂಟರ್. ಅಂಗಡಿಯ ಕಂಪ್ಯೂಟರ್, ಮನೆಯವರ ಮೊಬೈಲ್, ಟಿವಿ, ಸಿಸಿ ಕ್ಯಾಮೆರಾ, ಪ್ರಿಂಟರ್ ಹೀಗೆ ಯಾವುದೇ ಯಂತ್ರ ಬಂದು ಸೇರಿದರೂ ಅದಕ್ಕೊಂದು ಐಪಿ ವಿಳಾಸ ಕೊಡುತ್ತದೆ, 192.168.1.5 ಎಂಬಂಥದ್ದು. ಈ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಹೀಗೆ ಕೊಟ್ಟ ವಿಳಾಸ ಕಾಯಂ ಅಲ್ಲ, ಗುತ್ತಿಗೆ. ಎಷ್ಟೋ ರೂಟರ್‌ಗಳಲ್ಲಿ ಗುತ್ತಿಗೆಯ ಅವಧಿ 24 ಗಂಟೆ. ಸಂತೆಯಲ್ಲಿ ಜಾಗ ಹಿಡಿಯುವ ಹಾಗೆ ಇದು: ಮೊದಲು ಬಂದವರು ಕೂತದ್ದೇ ಜಾಗ, ಹೋದ ವಾರ ಬದನೆಕಾಯಿ ಮಾರುತ್ತಿದ್ದವರ ಜಾಗದಲ್ಲಿ ಈ ವಾರ ಬಳೆ ಅಂಗಡಿ. ಕಂಪ್ಯೂಟರ್ ಮಾತ್ರ ಹೋದ ವಾರದ ಜಾಗಕ್ಕೇ ನೇರ ಹೋಗಿ ಬದನೆಕಾಯಿ ಕೇಳುತ್ತದೆ.

ಕರೆಂಟ್ ತೊಂದರೆ ಇರುವ ಊರುಗಳಲ್ಲಿ ಈ ಕಾಟ ಹೆಚ್ಚು ಎನ್ನುವುದಕ್ಕೆ ಕಾರಣ ಇದರಲ್ಲೇ ಇದೆ. ಯಾವ ಜಾಗ ಯಾರಿಗೆ ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಎಷ್ಟೋ ಅಗ್ಗದ ರೂಟರ್‌ಗಳು ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತವೆ. ಕರೆಂಟ್ ಹೋದರೆ ಪಟ್ಟಿಯೂ ಹೋಯಿತು. ಕರೆಂಟ್ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದು ಬರುತ್ತವೆ. ಇನ್ನೊಂದು ಸಂಗತಿ, ಪ್ರಿಂಟರ್ ಏಳುವಷ್ಟು ಬೇಗ ರೂಟರ್ ಏಳುವುದಿಲ್ಲ. ಅದರಲ್ಲೂ ಫೈಬರ್ ಸಂಪರ್ಕದ ಡಬ್ಬಿಗಳು ದೀಪಗಳನ್ನೆಲ್ಲ ಮಿನುಗಿಸಿ ನೆಲೆಗೆ ಬರಲು ಒಂದೆರಡು ನಿಮಿಷವಾದರೂ ಬೇಕು. ಅಷ್ಟರಲ್ಲಿ ಪ್ರಿಂಟರ್ ಎದ್ದು, ವಿಳಾಸ ಕೇಳಿ, ಉತ್ತರ ಸಿಗದೆ, ತನಗೆ ತಾನೇ ಒಂದು ವಿಳಾಸ ಇಟ್ಟುಕೊಂಡಿರುತ್ತದೆ. ಹಾಗೆ ಸ್ವಂತಕ್ಕೆ ಇಟ್ಟುಕೊಂಡ ವಿಳಾಸ ಯಾವಾಗಲೂ 169.254 ಎಂದು ಶುರುವಾಗುತ್ತದೆ. ಕೆಲವು ಪ್ರಿಂಟರ್‌ಗಳು ಆಮೇಲೂ ಬಿಡದೆ ಕೇಳಿ ಸರಿಯಾದದ್ದು ಪಡೆಯುತ್ತವೆ, ಕೆಲವು ಸುಮ್ಮನಾಗುತ್ತವೆ. ಮಗ್ಗದ ಮೋಟರುಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುವ ಬೀದಿಗಳಲ್ಲಂತೂ ಕರೆಂಟ್ ಪೂರ್ತಿ ಹೋಗಬೇಕೆಂದೇನೂ ಇಲ್ಲ, ಒಂದು ಸಲ ಕಣ್ಣು ಮಿಟುಕಿಸಿದರೂ ರೂಟರ್ ರೀಸ್ಟಾರ್ಟ್ ಆಗಿರುತ್ತದೆ.

ಆದ್ದರಿಂದ ಕಂಪ್ಯೂಟರನ್ನು ಮುಟ್ಟುವ ಮುಂಚೆ ಪ್ರಿಂಟರನ್ನೇ ಕೇಳಿ. ನೆಟ್‌ವರ್ಕ್ ಸೌಲಭ್ಯವಿರುವ ಪ್ರಿಂಟರ್‌ಗಳು ತಮ್ಮ ಸಂಪರ್ಕದ ವಿವರವನ್ನು ತಾವೇ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಕೊಡುತ್ತವೆ. ಇದಕ್ಕೆ ಕಂಪ್ಯೂಟರ್ ಬೇಡ. ಪರದೆ ಇರುವ ಪ್ರಿಂಟರಾದರೆ ಮೆನುವಿನಲ್ಲಿ ನೆಟ್‌ವರ್ಕ್ ಅಥವಾ ರಿಪೋರ್ಟ್ ಎಂಬಲ್ಲಿ ಸಿಗುತ್ತದೆ. ಪರದೆ ಇಲ್ಲದವುಗಳಲ್ಲಿ ಯಾವುದೋ ಒಂದು ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು, ಯಾವುದು ಎಂದು ಅದರ ಕೈಪಿಡಿಯಲ್ಲಿದೆ. ಆ ಹಾಳೆ ಹೊರಬಂತೆಂದರೆ ಮೊದಲನೆಯ ಸಮಾಧಾನ: ಟೋನರ್, ರೋಲರ್, ಡ್ರಮ್ ಎಲ್ಲ ಸರಿಯಾಗಿದೆ, ಯಂತ್ರ ಜೀವಂತವಾಗಿದೆ. ಹಾಳೆ ತುಂಬ ಏನೇನೋ ಅಂಕಿ ಇರುತ್ತದೆ, ಗಾಬರಿ ಬೇಡ. ‘ಐಪಿ ಅಡ್ರೆಸ್’ ಎಂಬ ಒಂದು ಸಾಲು ನೋಡಿದರೆ ಸಾಕು.

ಅಲ್ಲಿ 0.0.0.0 ಅಥವಾ 169.254 ಎಂದು ಶುರುವಾಗುವ ಸಂಖ್ಯೆ ಇದ್ದರೆ ಪ್ರಿಂಟರ್ ಮತ್ತು ರೂಟರ್ ಮಾತಾಡಿಕೊಂಡಿಲ್ಲ. ರೂಟರಿನ ದೀಪಗಳು ನೆಲೆಗೆ ಬಂದಿವೆಯೇ ನೋಡಿ, ಆಮೇಲೆ ಪ್ರಿಂಟರ್ ಒಂದನ್ನೇ ಆಫ್ ಮಾಡಿ ಆನ್ ಮಾಡಿ. ಮೊದಲು ರೂಟರ್, ಆಮೇಲೆ ಪ್ರಿಂಟರ್, ಕೊನೆಗೆ ಕಂಪ್ಯೂಟರ್ ಎಂಬ ಕ್ರಮ ಪಾಲಿಸಿದರೆ ಕರೆಂಟ್ ಬಂದಾಗಿನ ತೊಂದರೆಯಲ್ಲಿ ದೊಡ್ಡ ಪಾಲು ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಕೇಬಲ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಣ್ಣಿಗೆ ಕಾಣುವ ಜಾಗದಲ್ಲೇ ಇರುವ ಈ ದೋಷವನ್ನು ಯಾರೂ ಬಗ್ಗಿ ನೋಡುವುದಿಲ್ಲ. ಪ್ರಿಂಟರಿನ ಹಿಂದೆ ಕೇಬಲ್ ಸೇರುವ ಕಿಂಡಿಯ ಅಂಚಿನಲ್ಲಿ ಸಾಮಾನ್ಯವಾಗಿ ಒಂದೆರಡು ಪುಟ್ಟ ದೀಪಗಳಿರುತ್ತವೆ. ರೂಟರ್ ಕಡೆ ಆಯಾ ಪೋರ್ಟಿಗೆ ಒಂದು ದೀಪ ಇರುತ್ತದೆ. ಎರಡೂ ಕಡೆ ದೀಪ ಇದ್ದರೆ ತಂತಿ ಮುಟ್ಟಿದೆ ಎಂದರ್ಥ. ಇಲ್ಲದಿದ್ದರೆ ಪ್ಲಗ್ ಹಿಡಿದು ಮೆಲ್ಲಗೆ ಎಳೆದು ನೋಡಿ. ಲ್ಯಾನ್ ಕೇಬಲ್ಲಿನ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಸಣ್ಣ ನಾಲಗೆ ಇರುತ್ತದೆ, ‘ಟಕ್’ ಎಂದು ಕೂರುವುದು ಅದೇ. ಅದು ಮುರಿದಿದ್ದರೆ ಪ್ಲಗ್ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಕಸ ಗುಡಿಸುವಾಗ ಪ್ರಿಂಟರ್ ಅರ್ಧ ಇಂಚು ಸರಿದರೂ ಸಂಪರ್ಕ ತಪ್ಪುತ್ತದೆ. ಸಂಪರ್ಕ ಬಂದು ಬಂದು ಹೋಗುವ ಪ್ರಿಂಟರ್ ಕಂಡರೆ ನಾನು ಮೊದಲು ನೋಡುವುದು ಈ ನಾಲಗೆಯನ್ನೇ. ಪ್ಲಗ್ ಒಂದರ ಬೆಲೆ ಕೆಲವೇ ರೂಪಾಯಿ, ಫೈಬರ್ ಲೈನಿನ ಹುಡುಗರ ಚೀಲದಲ್ಲಿ ಅದನ್ನು ಒತ್ತಿ ಕೂರಿಸುವ ಇಕ್ಕಳ ಇದ್ದೇ ಇರುತ್ತದೆ.

ಪ್ಲಗ್ ಹೊಸದಾಗಿ ಹಾಕಿಸುವಾಗ ಒಳಗಿನ ಎಂಟು ತಂತಿಗಳ ಬಣ್ಣದ ಕ್ರಮ ನೋಡಿಕೊಳ್ಳಿ. ಕಿತ್ತಳೆ ಪಟ್ಟೆಯ ಬಿಳಿ, ಕಿತ್ತಳೆ, ಹಸಿರು ಪಟ್ಟೆಯ ಬಿಳಿ, ನೀಲಿ, ನೀಲಿ ಪಟ್ಟೆಯ ಬಿಳಿ, ಹಸಿರು, ಕಂದು ಪಟ್ಟೆಯ ಬಿಳಿ, ಕಂದು. ನಮ್ಮಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಈ ಕ್ರಮ. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬಂದು ಕೂರುವುದು ವಿಚಿತ್ರವೆನಿಸಿ ಎಷ್ಟೋ ಜನ ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಇಟ್ಟು ಒತ್ತಿಬಿಡುತ್ತಾರೆ. ಎರಡೂ ತುದಿಯಲ್ಲಿ ಒಂದೇ ರೀತಿ ಇದ್ದರೆ ದೀಪವೂ ಹತ್ತುತ್ತದೆ. ಆದರೆ ಎಷ್ಟೋ ಪ್ರಿಂಟರುಗಳಲ್ಲಿ ಮಾತು ಸಾಗುವುದು 1 ಮತ್ತು 2ನೇ ತಂತಿಗಳ ಜೋಡಿಯಲ್ಲಿ, 3 ಮತ್ತು 6ನೇ ತಂತಿಗಳ ಜೋಡಿಯಲ್ಲಿ. ಪ್ರತಿ ಜೋಡಿಯ ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡಿರಬೇಕು, ಹೆಣಿಗೆಯೇ ಹೊರಗಿನ ಗದ್ದಲವನ್ನು ತಡೆಯುವುದು. ಮೇಲೆ ಹೇಳಿದ ತಪ್ಪಿನಲ್ಲಿ 3 ಮತ್ತು 6ನೆಯವು ಬೇರೆ ಬೇರೆ ಹೆಣಿಗೆಯವಾಗುತ್ತವೆ. ಎರಡು ಮೀಟರ್ ಕೇಬಲ್ಲಿನಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಳಗಿನ ಅಂಗಡಿಯಿಂದ ಮಹಡಿ ಮನೆಗೆ ಎಳೆದ ಉದ್ದನೆಯ ಕೇಬಲ್ಲಿನಲ್ಲಿ ಸಣ್ಣ ಫೈಲ್ ಬರುತ್ತದೆ, ಫೋಟೊ ಇರುವ ದೊಡ್ಡ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಇಂಥ ದೋಷ ತಿಂಗಳುಗಟ್ಟಲೆ ಕಾಡಿಸುತ್ತದೆ. ಕೇಬಲ್ ಕೊಳ್ಳುವಾಗಲೂ ಅಷ್ಟೆ, ಪೂರ್ತಿ ತಾಮ್ರದ್ದೇ ಎಂದು ಕೇಳಿ ತನ್ನಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ನಾಲ್ಕು ಸಲ ಬಗ್ಗಿಸಿದರೆ ಒಳಗೇ ತುಂಡಾಗುತ್ತದೆ. ಅಟ್ಟದ ಮೇಲಿಂದ ಬಂದ ಕೇಬಲ್ಲಾದರೆ ಇಲಿ ಕಡಿದಿದೆಯೇ ಎಂದೂ ನೋಡಿ.

ಕೇಬಲ್ ಸರಿ ಇದ್ದೂ ದೀಪ ಹತ್ತದಿದ್ದರೆ ರೂಟರಿನ ಇನ್ನೊಂದು ಪೋರ್ಟಿಗೆ ಚುಚ್ಚಿ. ಬೇರೆ ಬಣ್ಣದ ಒಂದು ಪೋರ್ಟ್ ಇರುತ್ತದಲ್ಲ, ‘ವ್ಯಾನ್’ ಅಥವಾ ‘ಇಂಟರ್ನೆಟ್’ ಎಂದು ಬರೆದದ್ದು, ಅದು ಹೊರಗಿನ ಲೈನಿಗೆ. ಪ್ರಿಂಟರ್ ಅಲ್ಲಿಗೆ ಹಾಕಿದರೆ ದೀಪ ಹತ್ತೀತು, ಕೆಲಸ ಆಗದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಳೆದ ಮೇಲೆ ಒಂದೇ ಒಂದು ಪೋರ್ಟ್ ಸತ್ತುಹೋಗಿ ಉಳಿದವೆಲ್ಲ ಸರಿ ಇರುವುದು ಅಪರೂಪವಲ್ಲ. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಹತ್ತಿರದಲ್ಲಿ ಸಿಡಿಲು ಬಡಿದಾಗಲೂ ವಿದ್ಯುತ್ತನ್ನು ಒಳಗೆ ತರುತ್ತದೆ. ಮಳೆ ಕವಿಯುತ್ತಿದ್ದಂತೆ ಪ್ಲಗ್ ಕೀಳುವುದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಇನ್ನು ಲ್ಯಾನ್, ವೈಫೈ ಎರಡೂ ಇರುವ ಎಷ್ಟೋ ಪ್ರಿಂಟರ್‌ಗಳು ಎರಡನ್ನೂ ಒಟ್ಟಿಗೆ ಬಳಸಲು ಬಿಡುವುದಿಲ್ಲ. ಯಾರೋ ಮೊಬೈಲಿನಿಂದ ಪ್ರಿಂಟ್ ಕೊಡಲು ಹೋಗಿ ಮೆನುವಿನಲ್ಲಿ ವೈಫೈ ಆನ್ ಮಾಡಿದ್ದರೆ ಕೇಬಲ್ ಅಲ್ಲಿಗೇ ನಿಷ್ಪ್ರಯೋಜಕ. ಅದನ್ನೂ ಒಮ್ಮೆ ನೋಡಿ.

ಈಗ ಎರಡನೆಯ ಸಾಧ್ಯತೆ. ಹಾಳೆಯಲ್ಲಿ 192.168 ಎಂದು ಶುರುವಾಗುವ ಸರಿಯಾದ ವಿಳಾಸವೇ ಇದೆ, ಆದರೂ ಪ್ರಿಂಟ್ ಬರುತ್ತಿಲ್ಲ. ಆಗ ಅಂಗಡಿಯ ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಇನ್ಯಾವುದಾದರೂ ಬ್ರೌಸರ್ ತೆರೆದು, ವೆಬ್‌ಸೈಟ್ ಹೆಸರು ಹಾಕುವ ಜಾಗದಲ್ಲಿ ಆ ನಾಲ್ಕು ಅಂಕಿಗಳನ್ನು ಚುಕ್ಕಿ ಸಮೇತ ಹೊಡೆದು ಎಂಟರ್ ಒತ್ತಿ. ನೆಟ್‌ವರ್ಕ್ ಪ್ರಿಂಟರ್‌ಗಳ ಒಳಗೆ ಅವುಗಳದ್ದೇ ಒಂದು ಪುಟ ಇರುತ್ತದೆ, ಟೋನರ್ ಎಷ್ಟಿದೆ, ಕಾಗದ ಇದೆಯೇ ಎಂದು ತೋರಿಸುವ ಪುಟ. ಅದು ತೆರೆದುಕೊಂಡರೆ ಕೇಬಲ್, ರೂಟರ್, ಪ್ರಿಂಟರ್ ಮೂರೂ ನಿರ್ದೋಷಿ, ತೊಂದರೆ ವಿಂಡೋಸ್ ಒಳಗಿದೆ. ತೆರೆಯದಿದ್ದರೆ ಕಂಪ್ಯೂಟರೂ ಪ್ರಿಂಟರೂ ಬೇರೆ ಬೇರೆ ಬೀದಿಯಲ್ಲಿರುವ ಸಾಧ್ಯತೆ ಹೆಚ್ಚು. ಖರ್ಚಿಲ್ಲದ, ಯಾರು ಬೇಕಾದರೂ ಮಾಡಬಹುದಾದ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಬೇರೆ ಬೀದಿ ಎಂದರೇನು? ಮನೆಯ ರೂಟರಿನಲ್ಲಿ ಮೊದಲ ಮೂರು ಅಂಕಿಗಳೇ ಬೀದಿ, ಕೊನೆಯದು ಮನೆ ನಂಬರ್. ಕಂಪ್ಯೂಟರ್ 192.168.29.12, ಪ್ರಿಂಟರ್ 192.168.1.50 ಆಗಿದ್ದರೆ ಅವೆರಡಕ್ಕೂ ಭೇಟಿ ಇಲ್ಲ. ಇದು ಆಗುವುದು ಹೆಚ್ಚಾಗಿ ಇಂಟರ್ನೆಟ್ ಕಂಪನಿ ಬದಲಾದಾಗ, ಇಲ್ಲವೇ ಹಳೆಯ ಡಬ್ಬಿ ಸುಟ್ಟು ಹೊಸದು ಬಂದಾಗ. ಕೆಲವು ಡಬ್ಬಿಗಳು 192.168.1.1 ಎಂಬ ಲೆಕ್ಕದಲ್ಲಿ ಬರುತ್ತವೆ, ಕೆಲವು 192.168.0.1, ಇನ್ನು ಕೆಲವು 192.168.29.1. ಹಿಂದೆ ಯಾರೋ ಜಾಣರು ಪ್ರಿಂಟರಿಗೆ ಕಾಯಂ ವಿಳಾಸ ಬರೆದು ಹೋಗಿದ್ದರೆ ಅದು ಹಳೆಯ ಬೀದಿಯಲ್ಲೇ ಉಳಿಯುತ್ತದೆ. ಡಬ್ಬಿ ಬದಲಾಯಿಸಿದವರು ಮೊಬೈಲಿನಲ್ಲಿ ಒಂದು ವಿಡಿಯೊ ಓಡಿಸಿ ತೋರಿಸಿ, ಇಂಟರ್ನೆಟ್ ಬಂತು ಎಂದು ಹೇಳಿ ಹೋಗಿರುತ್ತಾರೆ. ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯುವುದು ಮಾರನೆಯ ಬೆಳಿಗ್ಗೆ ಅಂಗಡಿ ಮುಂದೆ ಸಾಲು ನಿಂತಾಗ. ಪ್ರಿಂಟರಿನ ಮೆನುವಿನಲ್ಲಿ ಐಪಿ ವಿಳಾಸವನ್ನು ‘ಆಟೊ’ ಅಥವಾ ‘ಡಿಎಚ್‌ಸಿಪಿ’ಗೆ ಬದಲಿಸಿ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸ ಬೀದಿಗೆ ಬರುತ್ತದೆ.

ಎರಡು ರೂಟರ್ ಇರುವ ಮನೆಗಳಲ್ಲೂ ಇದೇ ಪಾಡು. ಕಂಪನಿಯ ಡಬ್ಬಿಯ ಸಿಗ್ನಲ್ ಮಹಡಿಗೆ ಹತ್ತುವುದಿಲ್ಲವೆಂದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಇನ್ನೊಂದು ತಂದು ಸೇರಿಸಿರುತ್ತಾರೆ. ಆ ಎರಡನೆಯದೂ ತನ್ನದೇ ವಿಳಾಸ ಹಂಚಲು ಶುರುಮಾಡುತ್ತದೆ. ಪ್ರಿಂಟರ್ ಒಂದಕ್ಕೆ, ಕಂಪ್ಯೂಟರ್ ಇನ್ನೊಂದಕ್ಕೆ ಸೇರಿದರೆ ಒಂದೇ ಕೋಣೆಯಲ್ಲಿದ್ದೂ ಪರಸ್ಪರ ಸಿಗದಿರಬಹುದು. ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಎಂಬ ಸ್ಥಿತಿಗೆ ಬದಲಿಸಿದರೆ ಅದು ವಿಳಾಸ ಹಂಚುವುದನ್ನು ಬಿಟ್ಟು ಬರೀ ಸಿಗ್ನಲ್ ಹರಡುತ್ತದೆ, ಎಲ್ಲವೂ ಒಂದೇ ಬೀದಿಗೆ ಬರುತ್ತವೆ.

ಮೊಬೈಲ್ ಹಾಟ್‌ಸ್ಪಾಟ್ ವಿಷಯ ಹೇಳದಿದ್ದರೆ ಈ ಭಾಗ ಪೂರ್ತಿಯಾಗದು. ರಸ್ತೆ ಅಗೆದು ಫೈಬರ್ ತುಂಡಾದ ದಿನ ಅಂಗಡಿಯವರು ಕಂಪ್ಯೂಟರನ್ನು ತಮ್ಮ ಮೊಬೈಲಿಗೆ ಸೇರಿಸಿಕೊಂಡು ಪಹಣಿ ಡೌನ್‌ಲೋಡ್ ಮಾಡುತ್ತಾರೆ. ಆಗ ಕಂಪ್ಯೂಟರ್ ಇರುವುದು ಮೊಬೈಲಿನ ಬೀದಿಯಲ್ಲಿ, ಪ್ರಿಂಟರ್ ರೂಟರಿನ ಬೀದಿಯಲ್ಲಿ. ಡೌನ್‌ಲೋಡ್ ಆದ ಮೇಲೆ ಕಂಪ್ಯೂಟರನ್ನು ಮತ್ತೆ ರೂಟರಿನ ವೈಫೈಗೆ ತಂದು ಪ್ರಿಂಟ್ ಕೊಡಿ. ಇಂಟರ್ನೆಟ್ ಇಲ್ಲದಿದ್ದರೂ ಪ್ರಿಂಟ್ ಬರುತ್ತದೆ. ಪ್ರಿಂಟರಿಗೆ ಬೇಕಾದದ್ದು ರೂಟರ್ ಮಾತ್ರ, ಇಂಟರ್ನೆಟ್ ಅಲ್ಲ. ಈ ಒಂದು ಸಂಗತಿ ತಿಳಿದಿದ್ದರೆ ಲೈನ್ ಬರಲಿ ಎಂದು ಜನರನ್ನು ಕೂರಿಸಿಕೊಳ್ಳುವುದು ತಪ್ಪುತ್ತದೆ.

ಪ್ರಿಂಟರಿನ ಪುಟ ಬ್ರೌಸರಿನಲ್ಲಿ ತೆರೆದುಕೊಂಡಿತು, ಪ್ರಿಂಟ್ ಮಾತ್ರ ಬರುತ್ತಿಲ್ಲ ಎಂದಾದರೆ ವಿಂಡೋಸ್ ಕಡೆ ತಿರುಗಿ. ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು ‘ಪೋರ್ಟ್ಸ್’ ಎಂಬ ಹಾಳೆಗೆ ಹೋದರೆ ಕಂಪ್ಯೂಟರ್ ಯಾವ ವಿಳಾಸಕ್ಕೆ ಕಳಿಸುತ್ತಿದೆ ಎಂದು ಕಾಣುತ್ತದೆ. ಅಚ್ಚಾದ ಹಾಳೆಯ ಸಂಖ್ಯೆಗೂ ಇದಕ್ಕೂ ತಾಳೆಯಾಗದಿದ್ದರೆ ಕಳ್ಳ ಸಿಕ್ಕಂತೆ. ‘ಆಡ್ ಪೋರ್ಟ್’ ಒತ್ತಿ, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ, ಪ್ರಿಂಟರಿನ ಈಗಿನ ವಿಳಾಸ ಕೊಡಿ. ಅಲ್ಲಿ ‘ಡಬ್ಲ್ಯುಎಸ್‌ಡಿ’ ಎಂಬ ಹೆಸರಿನ ಪೋರ್ಟ್ ಇದ್ದರೂ ಹೀಗೇ ಬದಲಿಸುವುದು ಲೇಸು. ಅದು ವಿಂಡೋಸ್ ತಾನಾಗಿ ಹುಡುಕಿ ಹಾಕಿಕೊಂಡದ್ದು, ದಿನವೂ ನೂರಾರು ಹಾಳೆ ತೆಗೆಯುವ ಕಡೆ ಅದನ್ನು ನಂಬಿ ಕೂರುವಂತಿಲ್ಲ. ವಿಳಾಸ ಸರಿ ಇದ್ದೂ ‘ಆಫ್‌ಲೈನ್’ ಎಂದೇ ತೋರಿಸಿದರೆ ಅದೇ ಪೋರ್ಟಿನ ‘ಕಾನ್ಫಿಗರ್’ ಒಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್’ ಎಂಬಲ್ಲಿನ ಗುರುತು ತೆಗೆಯಿರಿ. ಪ್ರಿಂಟರ್ ಹೇಗಿದೆ ಎಂದು ವಿಚಾರಿಸುವ ಈ ಪ್ರಶ್ನೆಗೆ ಉತ್ತರ ಬರದಿದ್ದರೆ ವಿಂಡೋಸ್ ಪ್ರಿಂಟರೇ ಇಲ್ಲವೆಂದು ತೀರ್ಮಾನಿಸುತ್ತದೆ. ಇಷ್ಟರಲ್ಲಿ ಬಟನ್ ಒತ್ತಿ ಒತ್ತಿ ಹತ್ತಾರು ಪ್ರತಿಗಳು ಸಾಲುಗಟ್ಟಿರುತ್ತವೆ, ಅವನ್ನು ಮೊದಲು ಅಳಿಸಿ. ಅಳಿಯದಿದ್ದರೆ ‘ಸರ್ವಿಸಸ್’ನಲ್ಲಿ ‘ಪ್ರಿಂಟ್ ಸ್ಪೂಲರ್’ ರೀಸ್ಟಾರ್ಟ್ ಮಾಡಿ. ಒಬ್ಬರ ಆಧಾರ್ ಪ್ರತಿ ಇನ್ನೊಬ್ಬರ ಕೈಗೆ ಹೋಗುವುದು ಇಂಥ ಹೊತ್ತಿನಲ್ಲೇ.

ಇಷ್ಟೆಲ್ಲ ತಾಪತ್ರಯ ಏಕೆ, ಯುಎಸ್‌ಬಿ ಹಾಕಿದರಾಯಿತು ಎನ್ನುವವರಿದ್ದಾರೆ. ಒಂದೇ ಕಂಪ್ಯೂಟರ್ ಇರುವವರಿಗೆ ಅದು ಸರಿಯಾದ ಮಾತು. ಎರಡು ಮೂರು ಕಂಪ್ಯೂಟರ್ ಇರುವ ಕಡೆ ಒಂದಕ್ಕೆ ಯುಎಸ್‌ಬಿ ಹಾಕಿ ಉಳಿದವಕ್ಕೆ ‘ಶೇರ್’ ಮಾಡುವುದು ಹಳೆಯ ಪದ್ಧತಿ. ಆ ಒಂದು ಕಂಪ್ಯೂಟರ್ ಆಫ್ ಆದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. 2021ರಲ್ಲಿ ‘ಪ್ರಿಂಟ್ ನೈಟ್‌ಮೇರ್’ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಮೈಕ್ರೋಸಾಫ್ಟ್ ಹಂಚಿಕೆಯ ಪ್ರಿಂಟರ್‌ಗಳ ನಿಯಮಗಳನ್ನು ಬಿಗಿಮಾಡಿತು. ಆ ವರ್ಷದ ಅಪ್‌ಡೇಟ್‌ಗಳ ನಂತರ ಲೋಕದ ಎಷ್ಟೋ ಕಚೇರಿಗಳಲ್ಲಿ ಶೇರ್ ಮಾಡಿದ ಪ್ರಿಂಟರ್ ರಾತ್ರೋರಾತ್ರಿ ನಿಂತುಹೋಗಿತ್ತು. ರೂಟರಿಗೆ ನೇರ ಜೋಡಿಸಿದ ಪ್ರಿಂಟರ್ ಯಾವ ಕಂಪ್ಯೂಟರಿನ ಹಂಗಿನಲ್ಲೂ ಇಲ್ಲ. ನೆಟ್‌ವರ್ಕ್ ಕೇಬಲ್ಲಿಗೂ ಪ್ರಿಂಟರಿಗೂ ನಂಟು ಹುಟ್ಟಿನಿಂದಲೇ ಇದೆ. 1973ರ ಮೇ 22ರಂದು ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಒಂದು ಟಿಪ್ಪಣಿ ಬರೆದು ಈಥರ್ನೆಟ್ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಅದೇ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ಕಟ್ಟಿದ್ದರು. ಕೇಂದ್ರದ ಕಂಪ್ಯೂಟರ್‌ಗಳೆಲ್ಲ ಆ ಪ್ರಿಂಟರನ್ನು ಹಂಚಿಕೊಳ್ಳುವಂತಾಗಬೇಕು ಎಂಬುದು ಈಥರ್ನೆಟ್ಟಿನ ಮೊದಲ ಉದ್ದೇಶಗಳಲ್ಲೊಂದಾಗಿತ್ತು. ಇವತ್ತು ನಾವು ಲ್ಯಾನ್ ಕೇಬಲ್ ಎನ್ನುವುದು ಅದರ ಸಂತತಿಯನ್ನೇ.

ಕಾಯಂ ಪರಿಹಾರಕ್ಕೆ ಬರೋಣ. ರೂಟರಿನ ಒಳಗೆ ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಲೀಸ್’ ಎಂಬ ಸೌಲಭ್ಯ ಇರುತ್ತದೆ. ಪ್ರತಿಯೊಂದು ನೆಟ್‌ವರ್ಕ್ ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೊಟ್ಟ, 12 ಅಕ್ಷರ ಮತ್ತು ಅಂಕಿಗಳ ‘ಮ್ಯಾಕ್ ಅಡ್ರೆಸ್’ ಎಂಬ ಗುರುತು ಇದೆ. ಪ್ರಿಂಟರಿನದ್ದು ಅದೇ ಅಚ್ಚಾದ ಹಾಳೆಯಲ್ಲಿರುತ್ತದೆ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹೊಡೆದು, ಡಬ್ಬಿಯ ಕೆಳಗಿನ ಚೀಟಿಯಲ್ಲಿರುವ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಈ ಮ್ಯಾಕ್ ಬಂದಾಗಲೆಲ್ಲ ಇದೇ ಐಪಿ ಕೊಡು ಎಂದು ಒಮ್ಮೆ ಬರೆದಿಟ್ಟರೆ ಆಯಿತು. ಆಮೇಲೆ ಎಷ್ಟು ಸಲ ಕರೆಂಟ್ ಹೋದರೂ ಪ್ರಿಂಟರ್ ತನ್ನ ಜಾಗಕ್ಕೇ ಬರುತ್ತದೆ. ಪ್ರಿಂಟರಿನ ಮೆನುವಿನಲ್ಲೇ ಕಾಯಂ ವಿಳಾಸ ಬರೆಯುವುದು ಇನ್ನೊಂದು ದಾರಿ, ಆದರೆ ಆ ಸಂಖ್ಯೆ ರೂಟರ್ ಬೇರೆಯವರಿಗೆ ಹಂಚುವ ಸಾಲಿನ ಹೊರಗಿರಬೇಕು. ಇಲ್ಲದಿದ್ದರೆ ಯಾರದೋ ಮೊಬೈಲಿಗೂ ಅದೇ ವಿಳಾಸ ಸಿಕ್ಕಿ ಎರಡಕ್ಕೂ ಜಗಳ ಹತ್ತುತ್ತದೆ. ಡಬ್ಬಿ ಬದಲಾದಾಗಿನ ತೊಂದರೆಯನ್ನು ಆಗಲೇ ಹೇಳಿದ್ದೇನೆ. ನನ್ನ ಮತ ರೂಟರಿನಲ್ಲಿ ಬರೆದಿಡುವುದಕ್ಕೇ.

ಯುಪಿಎಸ್ ವಿಚಾರದಲ್ಲಿ ಒಂದು ಎಚ್ಚರಿಕೆ. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿಸಿ, ಅದರಿಂದ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಆದರೆ ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಚುಚ್ಚಬೇಡಿ. ಟೋನರಿನ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಭಾಗ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಕ್ಷಣ ಎಳೆಯುವ ಕರೆಂಟ್ ಸಣ್ಣ ಯುಪಿಎಸ್ ತಾಳುವಂಥದ್ದಲ್ಲ. ಯುಪಿಎಸ್ ತಯಾರಕರೇ ಇದನ್ನು ಬೇಡವೆನ್ನುತ್ತಾರೆ. ಪ್ರಿಂಟ್ ಶುರುವಾದಾಗ ಅಂಗಡಿಯ ದೀಪ ಮಂಕಾಗುತ್ತಿದ್ದರೆ ರೂಟರನ್ನು ಅದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ತೆಗೆದು ಬೇರೆ ಸಾಕೆಟ್ಟಿಗೆ ಹಾಕಿ.

ಗ್ರಾಹಕರಿಗೆ ವೈಫೈ ಪಾಸ್‌ವರ್ಡ್ ಕೊಡುವ ಅಂಗಡಿಯವರಿಗೆ ಒಂದು ಮಾತು. ಅದು ಒಳ್ಳೆಯ ಮನಸ್ಸೇ. ಆದರೆ ನಿಮ್ಮ ಪ್ರಿಂಟರ್ ಮೂಲಕ ಹಾದುಹೋಗುವುದು ಜನರ ಜಮೀನಿನ ಪತ್ರ, ಬ್ಯಾಂಕ್ ಪಾಸ್‌ಬುಕ್, ಆಧಾರ್. ರೂಟರಿನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಆನ್ ಮಾಡಿ ಅದರ ಪಾಸ್‌ವರ್ಡನ್ನು ಗ್ರಾಹಕರಿಗೆ ಕೊಡಿ, ಅಲ್ಲಿಂದ ಪ್ರಿಂಟರ್ ಕಾಣುವುದಿಲ್ಲ. ಪ್ರಿಂಟರಿನ ಪುಟಕ್ಕೂ ನಿಮ್ಮದೇ ಪಾಸ್‌ವರ್ಡ್ ಇಡಿ. ಮನೆಯಿಂದ ಪ್ರಿಂಟ್ ಕೊಡಬಹುದು ಎಂದು ಯಾರಾದರೂ ಹೇಳಿ ರೂಟರಿನಲ್ಲಿ 9100 ಎಂಬ ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಲು ಬಂದರೆ ಒಪ್ಪಬೇಡಿ. 2018ರ ನವೆಂಬರ್ ಕೊನೆಯಲ್ಲಿ ಒಬ್ಬ ಹ್ಯಾಕರ್ ಹೀಗೆ ತೆರೆದಿಟ್ಟ ಪ್ರಿಂಟರ್‌ಗಳಿಗೆ ತನ್ನ ಮೆಚ್ಚಿನ ಯೂಟ್ಯೂಬರ್ ಪರವಾದ ಕರಪತ್ರ ಕಳಿಸಿದ್ದ. ಅಂಥ ಸುಮಾರು 50,000 ಪ್ರಿಂಟರ್‌ಗಳಲ್ಲಿ ಅಚ್ಚು ಮಾಡಿಸಿದೆನೆಂದು ಹೇಳಿಕೊಂಡಿದ್ದ.

ಪ್ರಿಂಟರಿನ ಮೈಮೇಲೆ ಒಂದು ಚೀಟಿ ಅಂಟಿಸಿ: ಅದರ ಐಪಿ, ಅದರ ಮ್ಯಾಕ್, ರೂಟರಿನ ವಿಳಾಸ, ಬರೆದ ತಾರೀಕು. ಮಾಲೀಕರು ಇಲ್ಲದ ದಿನ ಅಂಗಡಿಯಲ್ಲಿ ಕೂರುವ ಹುಡುಗಿಗೂ, ಹೊಸದಾಗಿ ಬರುವ ಸರ್ವೀಸಿನವರಿಗೂ ಅಷ್ಟು ಸಾಕು. ಇನ್ನು ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರಗಳಲ್ಲಿ ಫೈಬರ್ ಎಳೆಯುತ್ತಿರುವ ತಮ್ಮಂದಿರಲ್ಲಿ ಒಂದು ವಿನಂತಿ. ಹಳೆಯ ಡಬ್ಬಿ ಬಿಚ್ಚುವ ಮುಂಚೆ ಅದರ ವಿಳಾಸವನ್ನು ಬರೆದುಕೊಳ್ಳಿ, ಹೊಸ ಡಬ್ಬಿಗೂ ಅದನ್ನೇ ಕೊಡಿ, ಪ್ರಿಂಟರಿನ ಜಾಗವನ್ನೂ ಅದರಲ್ಲಿ ಕಾಯ್ದಿರಿಸಿ. ವಿಡಿಯೊ ಓಡಿಸಿ ತೋರಿಸಿದ ಮೇಲೆ ಅಂಗಡಿಯ ಕಂಪ್ಯೂಟರಿನಿಂದ ಒಂದು ಹಾಳೆ ಪ್ರಿಂಟ್ ತೆಗೆಸಿ ನೋಡಿ, ಆಮೇಲೆ ಹೊರಡಿ.